ಇಪ್ಪತ್ತು ಪೌಂಡಿನ ಕೆಳಗೆ

ಮೂವತ್ತೊಂದು ವರ್ಷ ಪೈನ್ ಬ್ಲಫ್ಸ್‌ನ ಗೋಧಿ ಕಣಜದ ಬಾಗಿಲಲ್ಲಿ
ಲಾರಿ ತೂಗಿದವನು ನಾನು.
ತುಂಬಿ ಬಂದದ್ದನ್ನು ಒಮ್ಮೆ, ಸುರಿದು ಹೊರಟದ್ದನ್ನು ಒಮ್ಮೆ.
ಕಳೆದರೆ ಉಳಿಯುವುದೇ ಗೋಧಿ.
ಡ್ರೈವರು ಕೂತಿದ್ದರೆ ಎರಡೂ ಸಲ ಕೂತಿರಬೇಕು,
ಇಳಿದರೆ ಎರಡೂ ಸಲ ಇಳಿಯಬೇಕು.
ನನಗೆ ಗೊತ್ತಿದ್ದ ರಾಜ್ಯಶಾಸ್ತ್ರ ಅಷ್ಟೇ.

ಪಕ್ಷದವರು ಬಂದು, ಡೆಲ್ಮರ್, ಈ ಸಲ ನೀನೂ ಒಬ್ಬ ಎಲೆಕ್ಟರ್ ಅಂದರು.
ವಯೋಮಿಂಗಿಗೆ ಇರುವುದೇ ಮೂವರು.
ನಾನ್ಯಾಕೆ ಅಂದೆ.
ಇಷ್ಟು ವರ್ಷ ಮೀಟಿಂಗಿಗೆ ಕುರ್ಚಿ ಹಾಕಿದ್ದೀಯಲ್ಲ, ಅಂದರು.

ಫ್ರೆಸ್ನೋದಿಂದ ಅಕ್ಕ ಆರ್ಡಿಸ್ ಫೋನು ಮಾಡಿದಳು.
ಅಭಿನಂದನೆ ಆಮೇಲೆ, ಮೊದಲು ಲೆಕ್ಕ:
"ನಿನ್ನ ಒಂದು ಓಟು ನನ್ನಂಥ ಮೂರೂವರೆಯನ್ನು ಎತ್ತುತ್ತೆ, ಗೊತ್ತಾ?
ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು,
ಒಂದೇ ಟಬ್ಬಿನ ನೀರಲ್ಲಿ ನನ್ನ ನಂತರ ನೀನು ಮಿಂದದ್ದು.
ಬೆಟ್ಟ ದಾಟಿದ ಕೂಡಲೇ ನಾನು ಹಗುರಾದೆನೇನೋ?"

ನಾನಂದೆ: ಬರೀ ತಲೆ ಎಣಿಸಿದರೆ ನಮ್ಮ ಕಡೆ ತಿರುಗಿ ನೋಡುವವರು ಯಾರು?
"ಈಗ ಯಾರು ನೋಡ್ತಾರೆ? ಕೊನೆಗೆ ಒಬ್ಬ ಬಂದದ್ದು ಯಾವ ವರ್ಷ?"
ನೆನಪು ಮಾಡಿಕೊಂಡೆ. ಡೀಸೆಲ್ ಹಾಕಿಸಲು ಒಬ್ಬ ನಿಂತಿದ್ದನಂತೆ.
ಅದೂ ಅಂತೆ.

ನಾನಂದೆ: ದೊಡ್ಡ ಊರುಗಳೇ ಎಲ್ಲ ತೀರ್ಮಾನಿಸಿದರೆ
"ಊರು ಓಟು ಹಾಕಲ್ಲ, ಜನ ಹಾಕ್ತಾರೆ.
ಇಲ್ಲೂ ನಿನ್ನ ಪಕ್ಷದವರು ಲಕ್ಷಗಟ್ಟಲೆ ಇದ್ದಾರೆ ಡೆಲ್ಮರ್.
ಅವರ ಗೋಧಿಯನ್ನು ಯಾವ ಕಣಜಕ್ಕೆ ಸುರೀತಾರೆ, ಹೇಳು."

ನಾನಂದೆ: ಮೊದಲು ಕಟ್ಟಿದವರು ಯೋಚಿಸಿಯೇ ಕಟ್ಟಿದ್ದಾರೆ.
ಆಚೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಿಧಾನವಾಗಿ,
"ಅವರೂ ತೂಗಿದ್ದರು. ಸರಪಳಿಯಲ್ಲಿದ್ದವರನ್ನು
ಐವರಿಗೆ ಮೂವರೆಂದು.
ತೂಕವೆಲ್ಲ ಒಡೆಯನ ಲೆಕ್ಕಕ್ಕೆ."
ಇದಕ್ಕೆ ಕೊಡಲು ನನ್ನಲ್ಲಿ ಚೀಟಿ ಇರಲಿಲ್ಲ.

ಡಿಸೆಂಬರ್. ಶಾಯಾನ್. ಟೋಪಿ ಹಾರಿಸುವ ಗಾಳಿ.
ಬಂಗಾರದ ಗುಮ್ಮಟದಡಿ ಮೂರು ಕುರ್ಚಿ, ಈ ಸಲ ಬೇರೆಯವರು ಹಾಕಿದ್ದು:
ಔಷಧಿ ಅಂಗಡಿಯ ಹುಡುಗ, ಟೊರಿಂಗ್ಟನ್ನಿನ ಮಿಸೆಸ್ ಅರ್ಚುಲೆಟಾ, ನಾನು.
ಕೂತು ವಿಚಾರ ಮಾಡಿ ಆರಿಸುವ ವಿವೇಕಿಗಳೆಂದು
ಇನ್ನೂರು ಚಿಲ್ಲರೆ ವರ್ಷದ ಹಿಂದೆ ಯಾರೋ ನಮ್ಮನ್ನು ಕಲ್ಪಿಸಿಕೊಂಡಿದ್ದರಂತೆ.
ಹೆಸರು ಮೊದಲೇ ಅಚ್ಚಾಗಿತ್ತು.
ನಾವು ವಿಚಾರ ಮಾಡಿದ್ದು ಒಂದೇ, ಪೆನ್ನು ನೀಲಿಯೋ ಕಪ್ಪೋ.
ಆರು ಪ್ರತಿ, ಆರು ರುಜು.
ಮಿಸೆಸ್ ಅರ್ಚುಲೆಟಾ ಅತ್ತರು, ಗಂಡ ಇದನ್ನು ನೋಡಬೇಕಿತ್ತಂತೆ.

ನನಗೆ ನೆನಪಾದದ್ದು ಎಂಬತ್ತಾರರ ಜುಲೈ.
ಸರ್ಕಾರದ ಇನ್ಸ್‌ಪೆಕ್ಟರು ತೂಕದ ಕಲ್ಲು ತಂದು, ಪೇರಿಸಿ ನೋಡಿದರೆ
ಖಾಲಿ ಲಾರಿಗೆ ನಮ್ಮ ವೇಬ್ರಿಜ್ ಸತ್ಯ ಹೇಳುತ್ತಿತ್ತು,
ತುಂಬಿದ್ದಕ್ಕೆ ಎಂಬತ್ತು ಪೌಂಡು ನುಂಗುತ್ತಿತ್ತು.
ಎಷ್ಟು ದಿನದಿಂದ? ಯಾರಿಗೂ ಗೊತ್ತಿಲ್ಲ.
ಅಪ್ಪನ ಗೋಧಿಯನ್ನೂ ಅದರ ಮೇಲೇ ತೂಗಿದ್ದೆ.
ಸರಿ ಇದೆಯೇನೋ, ಎಂದು ಕೇಳಿದ್ದ ಅಪ್ಪ.
ಮುದ್ರೆ ತೋರಿಸಿದ್ದೆ.
ಮುದ್ರೆಯೇನೋ ಹೊಳೆಯುತ್ತಲೇ ಇತ್ತು.

ಕತ್ತಲಾದ ಮೇಲೆ ಊರಿಗೆ ಬಂದೆ.
ಕಣಜದ ಗೇಟಿನ ಕೀಲಿ ಇನ್ನೂ ನನ್ನ ಗೊಂಚಲಲ್ಲೇ ಇದೆ, ಯಾರೂ ಕೇಳಿಲ್ಲ.
ಪಿಕಪ್ಪನ್ನು ಹಲಗೆಯ ಮೇಲೆ ನಿಲ್ಲಿಸಿ
ಕೆಂಪು ಅಂಕಿ ನೋಡಿದೆ, ಕೂತು ಒಮ್ಮೆ, ಇಳಿದು ಒಮ್ಮೆ.
ಕಳೆದರೆ ಉಳಿದದ್ದು ನೂರಾ ಎಂಬತ್ತು:
ಬೂಟು, ಕೋಟು, ನೆನಪಿಗೆಂದು ಕೊಟ್ಟ ಪೆನ್ನು ಸೇರಿ.
ಪೆನ್ನು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.
ಇಪ್ಪತ್ತು ಪೌಂಡಿಗಿಂತ ಕಿರಿದಾದದ್ದು ಅದರ ಕಣ್ಣಿಗೆ ಬೀಳುವುದಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ನಿನ್ನ ತೂಕ ಎಷ್ಟೇ?
ನಕ್ಕಳು. ಇಡೀ ತಿಂಗಳಲ್ಲಿ ಮೊದಲ ಸಲ.
"ನೂರಾ ಮೂವತ್ತು. ಯಾಕೋ?"

ಇಪ್ಪತ್ತಿಪ್ಪತ್ತರ ಮೆಟ್ಟಿಲು ಈ ಅಂಕಿಗಳದ್ದು.
ನೂರಾ ಇಪ್ಪತ್ತು ತೋರಿಸೀತು, ಇಲ್ಲವೇ ನೂರಾ ನಲವತ್ತು.
ನೂರಾ ಮೂವತ್ತಕ್ಕೆ ಇಲ್ಲಿ ನಿಲ್ಲಲು ಜಾಗವಿಲ್ಲ.

"ಡೆಲ್ಮರ್? ಇದ್ದೀಯೇನೋ?"
ಇದ್ದೇನೆ ಅಂದೆ.
ಗಾಳಿ, ಅಂದೆ.